ಹಳೆಯ ಫಿಲ್ಟರಿನ ಕೆಂಪು ಚುಕ್ಕೆ

ಅಡಿಲೇಡಿನ ನನ್ನ ಗ್ಯಾರೇಜಿನಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಒಂದರ ಇಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರುಗಳನ್ನು ತೊಳೆದು, ಹೊಸ ಪೆಟ್ರೋಲ್ ಫಿಲ್ಟರ್ ಹಾಕಿ, ಹಳೆಯದನ್ನು ನಂಜುಂಡ ಅಂಕಲ್ ಕೈಗಿಟ್ಟೆ. ವಿಕ್ಟೋರಿಯಾದ ಹಿಮಬೆಟ್ಟದಲ್ಲಿ ಲಾಡ್ಜ್ ನಡೆಸುವ ಮೈಸೂರಿನವರು ಅವರು. ಫಿಲ್ಟರನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ಏನನ್ನೋ ಹುಡುಕತೊಡಗಿದರು. ನಾನೂ ಬಗ್ಗಿ ನೋಡಿದೆ. ತಳದ ಕೊಳೆಯ ನಡುವೆ ಸಾಸಿವೆ ಕಾಳಿನಷ್ಟು ಕೆಂಪು ಉಗುರುಬಣ್ಣ! ನಾನು ಫಿಲ್ಟರ್ ನಿಜಕ್ಕೂ ಬದಲಿಸುತ್ತೇನೋ ಇಲ್ಲವೋ ಎಂದು ಪರೀಕ್ಷಿಸಲು ಅವರೇ ಮೊದಲೇ ಗುರುತು ಹಾಕಿ ತಂದಿದ್ದರು. ಬೆಳಿಗ್ಗೆ ಗಾಡಿ ಬಿಟ್ಟುಹೋಗುವಾಗ ‘ನೀನು ನಮ್ಮೋನು, ಪೂರ್ತಿ ನಂಬಿಕೆ’ ಎಂದಿದ್ದ ಮನುಷ್ಯ! ನನಗೆ ಮೈಯೆಲ್ಲ ಉರಿಯಿತು.

“ನನ್ ಮೇಲೇ ಅನುಮಾನಾನಾ ಅಂಕಲ್?”

“ಬೇಜಾರ್ ಮಾಡ್ಕೋಬೇಡಪ್ಪ. ಹಿಂದೆ ಒಬ್ಬ ಮೆಕ್ಯಾನಿಕ್ ಬದಲಾಯ್ಸಿದೀನಿ ಅಂತ ಸುಳ್ಳು ಹೇಳಿದ್ದ. ಗೆಸ್ಟ್ ಕೂರಿಸ್ಕೊಂಡು ಹೋಗ್ತಿದ್ದಾಗ ಹಿಮದ ಮಧ್ಯೆ ಇಂಜಿನ್ ನಿಂತೋಯ್ತು. ಅಲ್ಲಿ ಕೂಗಿದ್ರೂ ಯಾರೂ ಬರಲ್ಲ.”

ನಾನು ಗಾಡಿಯ ಬಳಿ ಹೋಗಿ ಹೊಸ ಫಿಲ್ಟರಿನ ಕ್ಲಿಪ್ಪನ್ನು ಇನ್ನೊಮ್ಮೆ ಬಿಗಿಮಾಡಿದೆ.

ಮರುವರ್ಷ ಅದೇ ಗಾಡಿ ಸರ್ವೀಸಿಗೆ ಬಂತು. ಸ್ಪ್ಯಾನರ್ ಮುಟ್ಟುವ ಮೊದಲು ಟಾರ್ಚ್ ಹಿಡಿದು ಫಿಲ್ಟರನ್ನೆಲ್ಲ ಹುಡುಕಿದೆ. ಚುಕ್ಕೆ ಇರಲಿಲ್ಲ. ಅಂಕಲ್ ಈ ಸಲ ಎಲ್ಲೂ ಗುರುತು ಹಾಕಿಲ್ಲವೆಂದು ನಂಬಿಕೆ ಬರಲಿಲ್ಲ, ಇಂಜೆಕ್ಟರುಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದೆ.