ಹುಳದ ಮನೆಗೆ ಬಂದ ಜ್ವರ

ಲೋಕ ಮುಳುಗಿಹೋದ ಮೇಲಿನ ಕಥೆಗಳೆಂದರೆ ನನ್ನ ಮಗಳಿಗೆ ಪ್ರಾಣ. ಗಾಳಿಯಲ್ಲಿ ವಿಷ, ಊರೆಲ್ಲ ಖಾಲಿ, ಒಬ್ಬ ಅಪ್ಪ ಮಗುವನ್ನು ಹೆಗಲ ಮೇಲೆ ಹೊತ್ತು ಉಳಿದ ಒಂದು ತುತ್ತನ್ನೂ ಅದರ ಬಾಯಿಗೇ ಇಡುತ್ತಾನೆ. ಓದಿ ಮುಗಿಸಿ ಅವಳು ಕಣ್ಣೊರೆಸಿಕೊಳ್ಳುತ್ತಾಳೆ. ನಾನೂ ಓದುತ್ತೇನೆ, ಆದರೆ ಆ ಅಪ್ಪಂದಿರ ಮೇಲೆ ನನಗೆ ಗುಮಾನಿ. ಲೋಕವೇ ಹೋದ ಮೇಲೆ ಮಗುವನ್ನಲ್ಲದೆ ಇನ್ನೇನನ್ನು ಎತ್ತಿಕೊಂಡಾನು? ಎತ್ತಿಕೊಳ್ಳಲು ಬೇರೇನಾದರೂ ಇದ್ದಾಗ ಏನು ಮಾಡುತ್ತಾನೆ ಅಂತ ನೋಡಬೇಕು. ನಮ್ಮಪ್ಪನಿಗೆ ಇತ್ತು. ಮನೆ ತುಂಬ ರೇಷ್ಮೆ ಹುಳ ಇತ್ತು.

ಬೈರಾಪಟ್ಟಣದ ಹತ್ತಿರದ ನಮ್ಮೂರಲ್ಲಿ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾಗುತ್ತಿದ್ದ ಕಾಲ ಅದು. ಯಾರ ಮನೆಯ ರೇಷ್ಮೆಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತದೋ ಆ ಮನೆಗೆ ಹೊಸ ಹೆಂಚು ಬರುತ್ತಿತ್ತು, ಸೈಕಲ್ ಬರುತ್ತಿತ್ತು, ಅವುಗಳ ಹಿಂದೆಯೇ ಅನುಮಾನವೂ ಬರುತ್ತಿತ್ತು. ಯಾರ ಕಣ್ಣು ಬಿತ್ತು, ಯಾರ ಕೈ ತಾಗಿತು ಎಂಬುದೇ ಮಾತು. ಹುಳ ಇರುವ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಅವ್ವ ಒಗ್ಗರಣೆ ಹಾಕುತ್ತಿದ್ದದ್ದು ಹಿತ್ತಲಲ್ಲಿ. ಅಪ್ಪ ಬೀಡಿ ಸೇದಿದರೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದೇ ಒಳಗೆ ಬರುತ್ತಿದ್ದ. ಸೊಳ್ಳೆಬತ್ತಿಯ ಹೆಸರನ್ನಂತೂ ಎತ್ತುವ ಹಾಗಿರಲಿಲ್ಲ. ಅದರ ಹೊಗೆ ತಾಗಿದರೆ ಹುಳ ಉಳಿಯುವುದಿಲ್ಲ ಅಂತ ಊರಿನ ಮಕ್ಕಳಿಗೂ ಗೊತ್ತಿತ್ತು. ಹುಳಗಳು ನಡುಮನೆಯ ಬಿದಿರು ತಟ್ಟೆಗಳಲ್ಲಿ, ನಾವು ಜಗಲಿಯಲ್ಲಿ. ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು ಕೂತರೆ ಅದನ್ನೂ ಜ್ವರ ಅನ್ನುತ್ತಿದ್ದರು, ಆಗ ನಾವು ಕೆಮ್ಮುವುದಕ್ಕೂ ಹೆದರಬೇಕಿತ್ತು. ಅವುಗಳ ವೈಭೋಗ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ನನಗೆ ಒಂಬತ್ತು ವರ್ಷವಿದ್ದಾಗ ಚಳಿಜ್ವರ ಬಂತು. ಹುಳಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು, ಇನ್ನೊಂದು ವಾರದಲ್ಲಿ ಗೂಡು ಕಟ್ಟಬೇಕು. ಚನ್ನಪಟ್ಟಣದ ಡಾಕ್ಟರು ಮಾತ್ರೆ ಕೊಟ್ಟು, ಇನ್ನು ಮೇಲೆ ಸೊಳ್ಳೆ ಕಚ್ಚಬಾರದು, ಮತ್ತೊಂದು ಸಲ ಬಂದರೆ ಮಗು ತಡೆಯುವುದಿಲ್ಲ ಅಂದರು. ಕಾಯಿಲೆಯವರು ಹುಳದ ಸೂರಿನಡಿ ಇರಬಾರದು ಅನ್ನುವುದು ನಮ್ಮ ಕಡೆಯ ಕಟ್ಟಳೆ. ಅವ್ವ ದನದ ಕೊಟ್ಟಿಗೆಯಲ್ಲಿ ಹಾಸಿಗೆ ಹಾಸಿದಳು. ಅಪ್ಪ ಎತ್ತಿಕೊಂಡು ಹೋಗಿ ಮಲಗಿಸಿ, ಹುಳಕ್ಕೆ ಸೊಪ್ಪು ಹಾಕಲು ಹೊರಟುಹೋದ. ನನ್ನ ಗುಮಾನಿ ಶುರುವಾದದ್ದು ಅಲ್ಲಿಂದಲೇ. ಹುಳಗಳಿಗೆ ದಿನಕ್ಕೆ ಐದು ಸಲ ಸೊಪ್ಪು, ನನಗೆ ಎರಡು ಸಲ ಗಂಜಿ. ಮಲಗಿಕೊಂಡೇ ಲೆಕ್ಕ ಇಟ್ಟಿದ್ದೆ.

ಎದುರು ಮನೆ ದೊಡ್ಡಮ್ಮ ಮಾತ್ರ ದಿನಕ್ಕೆ ನಾಲ್ಕು ಸಲ ಕೊಟ್ಟಿಗೆಗೆ ಬಂದು ಹಣೆ ಮುಟ್ಟಿ ನೋಡುತ್ತಿದ್ದಳು. ಅವಳು ಅಪ್ಪನ ಅತ್ತಿಗೆ. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ, ನಾಲ್ಕು ಕುರಿ ಸಾಕಿಕೊಂಡಿದ್ದಳು. ಬಾಯಲ್ಲಿ ಸದಾ ಹೊಗೆಸೊಪ್ಪು. ಹೊಗೆಸೊಪ್ಪೂ ಹುಳಕ್ಕೆ ಆಗದು, ಹಾಗಾಗಿ ನಮ್ಮ ಹೊಸ್ತಿಲಾಚೆಯೇ ನಿಂತು ಮಾತಾಡಿ ಹೋಗುವಳು.

ಮೂರನೇ ದಿನ ಅವ್ವ ನನ್ನ ಸಲುವಾಗಿ ಹರಕೆ ಹೊತ್ತು ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋದಳು. ಸಂಜೆ ಜೋರು ಮಳೆ ಹಿಡಿದು ಅಲ್ಲೇ ತನ್ನ ತಂಗಿಯ ಮನೆಯಲ್ಲಿ ಉಳಿದಳು. ಇತ್ತ ಕೊಟ್ಟಿಗೆಯ ಸೂರು ಸೋರಿ ನನ್ನ ಹಾಸಿಗೆ ನೆನೆಯಿತು. ಅಪ್ಪ ಬಂದು ನನ್ನನ್ನು ಕಂಬಳಿಯಲ್ಲಿ ಸುತ್ತಿ ಮನೆಯೊಳಗೆ ಒಯ್ದು ಅಡುಗೆಮನೆಯಲ್ಲಿ ಮಲಗಿಸಿದ. ಅಡುಗೆಮನೆಗೂ ಹುಳಕ್ಕೂ ಮಧ್ಯೆ ಇದ್ದದ್ದು ಎದೆಮಟ್ಟದ ಗೋಡೆ ಅಷ್ಟೇ. ಆಮೇಲಿನದು ಅರೆಬರೆ ನೆನಪು. ತಲೆದಿಂಬಿನ ಹತ್ತಿರ ಒಂದು ಕೆಂಪು ಚುಕ್ಕೆ, ಒಂಥರಾ ಘಾಟು. ಬೆಳಗ್ಗೆ ಕಣ್ಣು ಬಿಟ್ಟಾಗ ಮತ್ತೆ ಕೊಟ್ಟಿಗೆಯಲ್ಲೇ ಇದ್ದೆ. ಜ್ವರದ ಕನಸು ಅಂತಲೇ ಬಹಳ ವರ್ಷ ಅಂದುಕೊಂಡಿದ್ದೆ.

ಮಾರನೇ ದಿನ ಅವ್ವ ಬರುವ ಹೊತ್ತಿಗೆ ಹುಳಗಳೆಲ್ಲ ಹಸಿರು ಕಕ್ಕಿ ತಲೆ ಒದರುತ್ತಿದ್ದವು. ಮಧ್ಯಾಹ್ನದೊಳಗೆ ತಟ್ಟೆಗೆ ತಟ್ಟೆಯೇ ಸತ್ತಿತು. ಅವ್ವ ಎದೆ ಬಡಿದುಕೊಂಡು ಬೀದಿಗೆ ಬಂದಳು. ನೇರ ದೊಡ್ಡಮ್ಮನ ಬಾಗಿಲಿಗೇ ಹೋದಳು.

"ನಿನ್ ಹೊಗೆಸೊಪ್ಪಿನ ಕೈಯ ನಮ್ ಸೊಪ್ಪಿಗೆ ಇಕ್ಬುಟ್ಟೆ ಕಣಕ್ಕ! ನಾನಿಲ್ದಿದ್ ಹೊತ್ತು ನೋಡ್ಕಂಡು ಮನೆಗ್ ಬಂದ್ಬುಟ್ಟೆ!"

ದೊಡ್ಡಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ತಿಪ್ಪೆಯ ಪಕ್ಕ ಗುಂಡಿ ತೋಡಿ ಸತ್ತ ಹುಳ ಸುರಿಯುತ್ತಿದ್ದ, ತಲೆ ಎತ್ತಲಿಲ್ಲ. ದೊಡ್ಡಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿಕೊಂಡಳೆಂದರೆ ಅವಳದೇ ಕೆಲಸ ಅಂತ ನಾನೂ ತೀರ್ಮಾನಿಸಿದೆ. ನಾಲ್ಕು ಸಲ ಹಣೆ ಮುಟ್ಟಿದ ಕೈಯನ್ನೇ ಅನುಮಾನಿಸಿದೆ. ಆಮೇಲೆ ಅವ್ವ ತಾನು ಸಾಯುವವರೆಗೂ ದೊಡ್ಡಮ್ಮನೊಂದಿಗೆ ಮಾತಾಡಲಿಲ್ಲ. ಅವ್ವನ ಹೆಣ ಎತ್ತುವ ದಿನವೂ ದೊಡ್ಡಮ್ಮ ನಮ್ಮ ಹೊಸ್ತಿಲಾಚೆಯೇ ನಿಂತಿದ್ದಳು.

ಈಗ ಅಪ್ಪ ಕನಕಪುರದಲ್ಲಿ ನನ್ನ ಜೊತೆ ಇದ್ದಾನೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ನಾನು ಸೊಳ್ಳೆಬತ್ತಿ ಹಚ್ಚಿಟ್ಟೆ. ಅಪ್ಪ ಅದನ್ನೆತ್ತಿ ಅಂಗಳದಾಚೆ ಇಟ್ಟು ಬಂದು ಮೊಣಕೈವರೆಗೆ ಕೈ ತೊಳೆದ. ಮತ್ತೆ ತೊಳೆದ. ನನ್ನ ಮನೆಯಲ್ಲಿ ಯಾವ ಹುಳವೂ ಇಲ್ಲ. ಆ ಘಾಟು, ಆ ಕೆಂಪು ಚುಕ್ಕೆ ಎರಡೂ ಒಟ್ಟಿಗೆ ನೆನಪಾದವು.

"ಅವತ್ತು ಬತ್ತಿ ಹಚ್ಚಿದ್ದು ನೀನಾ?" ಅಂತ ಕೇಳಿಯೇಬಿಟ್ಟೆ.

"ಹೂಂ."

"ಹುಳ ಸಾಯ್ತವೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿರ್ದೆ ಏನವ್ವ? ಮಳೆಗೆ ಸೊಳ್ಳೆ ಮುತ್ಕಂಡಿದ್ವು ನಿನ್ನ. ಹುಳ ಇನ್ನೊಂದ್ ಬೆಳೆಗೆ ಬತ್ತವೆ."

ನಾನು ಅತ್ತೆ. ಅಷ್ಟು ವರ್ಷ ಅಪ್ಪನ ಮೇಲೆ ಇಟ್ಟುಕೊಂಡಿದ್ದ ಲೆಕ್ಕವೆಲ್ಲ ತೊಳೆದುಹೋಯಿತು. ಆದರೆ ನನ್ನ ಬುದ್ಧಿ ಎಲ್ಲಿಗೆ ಹೋಗುತ್ತೆ? ಕಣ್ಣೊರೆಸಿಕೊಂಡ ಕೂಡಲೇ, "ಮತ್ತೆ ದೊಡ್ಡಮ್ಮ?" ಅಂದೆ. ಅಪ್ಪ ಎದ್ದು ಹೋಗಿ ಇನ್ನೊಂದು ಸಲ ಕೈ ತೊಳೆದ.

ಮರುದಿನವೇ ಊರಿನ ಬಸ್ಸು ಹತ್ತಿದೆ. ದೊಡ್ಡಮ್ಮ ಜಗಲಿಯಲ್ಲಿ ಕೂತಿದ್ದಳು. ಕಾಲಿಗೆ ಬಿದ್ದು ಎಲ್ಲ ಹೇಳಿದೆ. ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ನಂಗೊತ್ತಿತ್ತು ಕಣವ್ವ. ಅವತ್ತು ಮಳೇಲಿ ನಿಮ್ಮನೆ ಬೆಂಕಿಪೊಟ್ನ ನೆಂದೋಗಿತ್ತು. ನಿಮ್ಮಪ್ಪ ಅಂಗ್ಡಿಯಿಂದ ತಂದ ಬತ್ತಿಯ ಹಚ್ಕಂಡೋಗಿದ್ದು ನಮ್ಮ ಒಲೇಲೇ."

"ಅವ್ವ ಅಷ್ಟು ಬೈದ್ಲಲ್ಲ, ಒಂದ್ ಮಾತು ಹೇಳಬಾರದಿತ್ತಾ?"

ದೊಡ್ಡಮ್ಮ ನನ್ನ ಹಣೆಯ ಮೇಲೆ ಕೈ ಇಟ್ಟಳು, ಜ್ವರ ನೋಡುವವಳ ಹಾಗೆ.

"ಹೇಳಿದ್ರೆ ನಿಮ್ಮವ್ವ ನಿನ್ ಮಕ ನೋಡ್ದಾಗೆಲ್ಲ ಸತ್ತ ಹುಳ ನೆನಸ್ಕಳ್ಳೋಳು. ನನ್ ಮಕ ನೋಡಿ ನೆನಸ್ಕಳ್ಲಿ ಅಂತ ಸುಮ್ಕಾದೆ."