ಫೋಟೋ ಹಿಗ್ಗಿಸುವ ಅತ್ತಿಗೆ

ಜಾಲತಾಣದಲ್ಲಿ ಯಾರೇ ಪರಿಚಯ ಕೇಳಿಕೊಂಡು ಬಂದರೂ ನಾನು ಮೊದಲು ಅತ್ತಿಗೆಗೆ ತೋರಿಸುತ್ತೇನೆ. ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಅವರು ಫೋಟೋದ ಮುಖ ಬಿಟ್ಟು ಮಿಕ್ಕದ್ದನ್ನೆಲ್ಲ ಹಿಗ್ಗಿಸಿ ನೋಡುತ್ತಾರೆ. ವಕೀಲನಾದರೆ, “ಆ ಶರ್ಟಿಗೆ ಇಸ್ತ್ರಿ ಹಾಕಿದ್ದು ಇವನೇನಾ?” ಮನೆಯಿಂದಲೇ ದುಡಿಯುವ ಸಲಹೆಗಾರನಾದರೆ, “ಚಹಾ ಇನ್ನೂ ಹಬೆಯಾಡ್ತಿದೆ ನೋಡೇ, ತಂದಿಟ್ಟೋಳು ಎಲ್ಲಿ?” ಸಾಕ್ಷಾತ್ ದೇವರೇ ವಿನಂತಿ ಕಳಿಸಿದರೂ, ಅವನ ಮನೆಯ ಪಾತ್ರೆ ತೊಳೆಯುವವರು ಯಾರೆಂದು ವಿಚಾರಿಸದೆ ಬಿಡುವವರಲ್ಲ. ಮೊನ್ನೆ ಅಣ್ಣನ ಹೊಸ ಪುಟ ತೋರಿಸಿದೆ. ‘ನಾನೊಬ್ಬನೇ ಕಟ್ಟಿದ ಬೇಕರಿ’ ಎಂದು ಬರೆದಿದ್ದ, ಮೆಚ್ಚುಗೆಗಳು ಸುರಿದಿದ್ದವು. ಅವನು ಹಿಡಿದ ಕೇಕಿನ ಪಕ್ಕದಲ್ಲಿ, ಫೋಟೋ ಕತ್ತರಿಸುವಾಗ ಉಳಿದುಹೋದ ಒಂದು ಕೈ, ಅದರ ಮೇಲೆ ಓವನ್ ಸುಟ್ಟ ಕಲೆ. ಅತ್ತಿಗೆ ಅದನ್ನೂ ಹಿಗ್ಗಿಸಿದರು. ಪಕ್ಕದಲ್ಲಿ ತಮ್ಮ ಕೈಯಿಟ್ಟು ಅಣ್ಣನನ್ನು ಕರೆದರು: “ಏನ್ರೀ, ಇವಳು ನಿಮಗೆ ಪರಿಚಯಾನಾ?”