ಬಲೆ ಬಿಚ್ಚಿಸಿದ ನಾನು

ನನ್ನ ಪೆನ್ನಿಗೆ ಇಷ್ಟು ಜೋರಿದೆ ಎಂದು ನನಗೇ ಗೊತ್ತಿರಲಿಲ್ಲ.

ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ, ಮದರಾಸಿನ ತಾಂಬರಂನಲ್ಲಿ ಡೇರೆ ಹಾಕಿರುವ ಸರ್ಕಸ್ಸನ್ನು ನೋಡಿ ಬಂದು ಬರೆದಿದ್ದೆ. ಉಯ್ಯಾಲೆಯ ಹುಡುಗಿಯ ಕೆಳಗೆ ಅಷ್ಟಗಲ ಬಲೆ ಕಟ್ಟಿದ್ದಾರೆ, ಬಿದ್ದರೂ ಪೆಟ್ಟಾಗದ ಮೇಲೆ ಅದೇನು ಧೈರ್ಯ, ಅದೆಲ್ಲಿಯ ಥ್ರಿಲ್ ಎಂದು. (ಬರೆದು, ಕಾಫಿ ಕುಡಿದು, ಮರೆತೂಬಿಟ್ಟೆ.)

ಕಳೆದ ಭಾನುವಾರ ಮಗಳು ಹಟ ಹಿಡಿದಳು. ಕೋಡಂಬಾಕ್ಕಂನಲ್ಲಿ ಎಲೆಕ್ಟ್ರಿಕ್ ಟ್ರೇನ್ ಹತ್ತಿ ಮಧ್ಯಾಹ್ನದ ಆಟಕ್ಕೆ ಹೋದೆವು. ಆನೆ, ಸೈಕಲ್, ಜೋಕರ್ ಎಲ್ಲ ಮುಗಿದು ಉಯ್ಯಾಲೆ ಇಳಿಬಿಟ್ಟರು.

“ಅಪ್ಪಾ, ವಲೈ ಇಲ್ಲೈಯೇ!” ಎಂದಳು ಮಗಳು. (ಮನೆಯಲ್ಲಿ ಕನ್ನಡ, ಗಾಬರಿಯಾದರೆ ತಮಿಳು.)

ಹೌದು, ಬಲೆ ಇರಲಿಲ್ಲ. ಕೆಳಗೆ ಮರದ ಹೊಟ್ಟು ಹರಡಿದ ಬರೀ ನೆಲ.

ಹುಡುಗಿ ಕೈಬಿಟ್ಟಳು. ಗಾಳಿಯಲ್ಲಿ ಒಂದು ಲಾಗ ಹಾಕಿ, ಆಚೆಯ ಉಯ್ಯಾಲೆಯವನ ಕೈ ಹಿಡಿದಳು. ಡೇರೆ ಹಾರಿಹೋಗುವ ಹಾಗೆ ಚಪ್ಪಾಳೆ. ನಾನೂ ಎದ್ದು ನಿಂತು ತಟ್ಟಿದೆ.

ಆಟ ಮುಗಿದ ಮೇಲೆ ಅಭಿನಂದಿಸಲು ಡೇರೆಯ ಹಿಂದೆ ಹೋದೆ. ಹೆಸರು ಸುಶೀಲಾ, ಮಂಗಳೂರಿನ ಕಡೆಯವಳು. ಅಂಗೈಗೆ ಸುತ್ತಿದ ಬಟ್ಟೆ ಬಿಚ್ಚುತ್ತಿದ್ದಳು. ನಾನು ಯಾರೆಂದು ಹೇಳಿದೆ. ಅವಳ ಕೈ ಅಲ್ಲೇ ನಿಂತಿತು.

“ಬರೆದದ್ದು ನೀವೆಯಾ? ನಮ್ಮ ಮ್ಯಾನೇಜರ್ ಉಡುಪಿಯವರು. ಓದಿದ ಮರುದಿವಸವೇ ಬಲೆ ಬಿಚ್ಚಿಸಿದ್ರು ಮಾರಾಯ್ರೆ.”

“ಇವತ್ತಿನ ಆಟವಂತೂ ಅದ್ಭುತ” ಎಂದು ತೊದಲಿದೆ.

“ಇವತ್ತಿನದ್ದಾ?” ಅವಳು ನಗಲಿಲ್ಲ. “ಬಲೆ ಇದ್ದಾಗ ನಾನು ಎರಡು ಲಾಗ ಹಾಕ್ತಿದ್ದೆ. ನೀವು ನೋಡ್ಲಿಲ್ವಾ? ನಮಗೆ ಮೊದಲು ಕಲಿಸುವುದೇ ಬೀಳ್ಲಿಕ್ಕೆ. ಬಲೆಗೆ ಬಿದ್ದು ಬಿದ್ದು ಆ ಎರಡನೆಯದ್ದು ಬಂದದ್ದು. ಈಗ ಒಂದೇ. ಅದಕ್ಕೂ ಜೀವ ಕೈಯಲ್ಲಿ ಹಿಡ್ಕೊಂಡು ಹತ್ತುವುದು.”

ನಾಚಿಕೆಯಾಯಿತು. ಮದರಾಸಿನಲ್ಲೆಲ್ಲ ಕಲಾರಸಿಕನೆಂದು ಹೇಳಿಕೊಂಡು ತಿರುಗುವ ನನಗೆ ಒಂದಕ್ಕೂ ಎರಡಕ್ಕೂ ವ್ಯತ್ಯಾಸ ಕಂಡಿರಲಿಲ್ಲ! ಅಂದು ಎರಡು ಲಾಗಕ್ಕೆ ಆಕಳಿಸಿದವನು ಇಂದು ಒಂದಕ್ಕೆ ಎದ್ದು ನಿಂತೆ. ಯಾಕೆ? ಬಿದ್ದುಬಿಡುತ್ತಾಳೇನೋ ಎಂದು ಉಸಿರು ಬಿಗಿಹಿಡಿದು ಕೂತಿದ್ದೆ. ಹೇಳಲು ಹೇಸಿಗೆಯಾಗುತ್ತದೆ, ಆದರೆ ಆ ಭಯ ನನಗೆ ರುಚಿಸಿತ್ತು.

ಮ್ಯಾನೇಜರರ ಹತ್ತಿರ ಹೋಗಿ, ನನ್ನದು ತಪ್ಪಾಯಿತು, ಬಲೆ ಕಟ್ಟಿಸಿ ಎಂದು ಕೈಮುಗಿದೆ. ಅವರು ಆಫೀಸಿನ ಕಿಟಕಿಯಿಂದ ಸಂಜೆಯ ಆಟದ ಕ್ಯೂ ತೋರಿಸಿದರು. ಅದು ರಸ್ತೆಯವರೆಗೂ ಬೆಳೆದಿತ್ತು.

“ಇವರೆಲ್ಲ ಬಲೆ ಬಿಚ್ಚಿದ ಮೇಲೆ ಬಂದವರು. ನೀವೊಬ್ಬರು ಹೇಳಿದ್ರೆ ಆಗ್ತದಾ? ಅವರನ್ನು ಕೇಳಿ.”

ಕೇಳುತ್ತಿದ್ದೇನೆ. ಬಲೆ ಕಟ್ಟಿದರೆ ನೀವು ಬರುತ್ತೀರಾ?